ಎಂಜಲು ಕಲಿಸಿದ ಮಳೆಗಾಲ

ಹೋದ ತಿಂಗಳು ಕೆಂಗೇರಿಯಲ್ಲಿ ನಡೆದ ಟೀಚರುಗಳ ತರಬೇತಿಯಲ್ಲಿ ನಾನು ಸುಳ್ಳು ಬರೆದು ಬಂದೆ.

ಪುಟ್ಟ ಮಕ್ಕಳಿಗೆ ಕಲಿಸುವ ನಮ್ಮಂಥ ಇಪ್ಪತ್ತು ಮೂವತ್ತು ಹೆಂಗಸರನ್ನು ಮಕ್ಕಳ ಕುರ್ಚಿಗಳಲ್ಲೇ ಮೊಣಕಾಲು ಮಡಿಸಿ ಕೂರಿಸಿದ್ದರು. ತರಬೇತಿ ಕೊಡಲು ಬಂದವಳು ನನ್ನ ಮಗಳ ವಯಸ್ಸಿನ ಹುಡುಗಿ. ಒಬ್ಬೊಬ್ಬರಿಗೂ ಒಂದು ಹಾಳೆ ಹಂಚಿದಳು. ಅದರಲ್ಲಿ ಎರಡೇ ಪ್ರಶ್ನೆ. ನೀವು ಬೆಳೆದ ಮನೆಯಲ್ಲಿ ಊಟದ ಹೊತ್ತಿನ ನಿಯಮಗಳು ಏನಿದ್ದವು? ಅವುಗಳಲ್ಲಿ ಯಾವುದಾದರೂ ನಿಮಗೇ ಗೊತ್ತಿಲ್ಲದೆ ನಿಮ್ಮ ಕ್ಲಾಸಿನೊಳಕ್ಕೆ ಬಂದಿದೆಯೇ? ನಾನು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ತಿರುಗಿಸುತ್ತಾ ಕೂತೆ. ಆಮೇಲೆ ಬರೆದೆ: ‘ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತಿದ್ದೆವು. ಶುಚಿಯಾಗಿರಬೇಕು ಎನ್ನುವುದು ಬಿಟ್ಟರೆ ಬೇರೆ ನಿಯಮ ಇರಲಿಲ್ಲ. ನನ್ನ ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ನನಗೆ ಒಂದೇ.’ ಆ ಹುಡುಗಿ ಅದನ್ನೇ ಆರಿಸಿ ಗಟ್ಟಿಯಾಗಿ ಓದಿದಳು. “ಎಷ್ಟು ಚೆನ್ನಾಗಿ ಬರ್ದಿದೀರಾ ಮೇಡಂ” ಅಂದಳು. ಚಪ್ಪಾಳೆ ಬೇರೆ ಬಿತ್ತು. ನಾನು ನಾಚಿಕೊಂಡವಳಂತೆ ತಲೆ ತಗ್ಗಿಸಿದೆ. ನಾಚಿಕೆಯೇನೋ ನಿಜವಾಗಿಯೂ ಆಗಿತ್ತು, ಕಾರಣ ಮಾತ್ರ ಅವರು ತಿಳಿದದ್ದಲ್ಲ.

ಸಂಜೆ ಮೆಟ್ರೋದಲ್ಲಿ ಹೊಸಹಳ್ಳಿಗೆ ಬಂದಿಳಿದೆ. ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಮೂರು ನಾಲ್ಕು ಮಂದಿ ಡೆಲಿವರಿಯವರು ಸಾಲಾಗಿ ಗಾಡಿ ನಿಲ್ಲಿಸಿ, ಸೀಟಿನ ಮೇಲೆಯೇ ಡಬ್ಬಿ ಬಿಚ್ಚಿದ್ದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣ ಖಾರ ಮೂರೂ ಕಲೆತ ವಾಸನೆ ಮೂಗಿಗೆ ಬಡಿಯಿತು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಇಳಿಯುತ್ತಿದ್ದವರು “ಆಂಟಿ, ಸ್ವಲ್ಪ ಸೈಡಿಗೆ ಬನ್ನಿ” ಎನ್ನುವವರೆಗೂ ಹಾಗೇ ನಿಂತಿದ್ದೆ. ಆ ಹಾಳೆಯಲ್ಲಿ ಬರೆಯಬೇಕಾಗಿದ್ದದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ಯಾರೂ ಚಪ್ಪಾಳೆ ತಟ್ಟುವುದು ಬೇಡ.

ಎರಡು ವರ್ಷದ ಹಿಂದಿನ ಮಳೆಗಾಲ. ಆಗ ನಾನು ಆರ್‌ಪಿಸಿ ಲೇಔಟಿನ ಒಂದು ಪ್ಲೇ ಹೋಮಿನಲ್ಲಿದ್ದೆ. ಹಳೇ ಕಾಲದ ಮನೆಯ ನೆಲ ಅಂತಸ್ತು. ಹಾಲಿನಲ್ಲಿ ನನ್ನ ಕ್ಲಾಸು, ಹಿಂದುಗಡೆ ಅಡುಗೆಮನೆಯಾಗಿದ್ದ ಜಾಗದಲ್ಲಿ ಮಕ್ಕಳು ಡಬ್ಬಿ ತಿನ್ನುವ ಮೇಜು, ಮೂಲೆಯಲ್ಲಿ ಸಿಂಕು. ಆ ಸಲ ಜೂನಿನಲ್ಲಿ ಮಳೆ ಶುರುವಾದದ್ದು ನಿಲ್ಲಲೇ ಇಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಹಳದಿ, ಕೆಂಪು ರೇನ್‌ಕೋಟುಗಳ ಸಾಲು. ಹದಿನಾರು ಮಕ್ಕಳ ಒದ್ದೆ ಸಾಕ್ಸು ಬಿಚ್ಚಿಸಿ, ಕಾಲು ಒರೆಸಿ, ಒಳಗೆ ಕೂರಿಸುವಷ್ಟರಲ್ಲಿ ನನಗೂ ನಮ್ಮ ಆಯಾ ಜಯಮ್ಮನಿಗೂ ಸಾಕು ಸಾಕಾಗುತ್ತಿತ್ತು.

ಅಂಬಿಕಾ ಬಂದದ್ದು ಜೂನಿನ ಎರಡನೇ ವಾರ. ಮೂರೂವರೆ ವರ್ಷದ ಮಗು. ಎಣ್ಣೆ ಹಚ್ಚಿ ಎಳೆದು ಕಟ್ಟಿದ ಎರಡು ಜುಟ್ಟು, ಹಣೆಯ ಮೇಲೂ ಕೆನ್ನೆಯ ಮೇಲೂ ಕಾಡಿಗೆ ಬೊಟ್ಟು. ಯಾದಗಿರಿ ಕಡೆಯವರು. ಅಪ್ಪ ಡೆಲಿವರಿ ಗಾಡಿ ಓಡಿಸುತ್ತಿದ್ದ. ಅಮ್ಮ ಶರಣಮ್ಮ ಪಕ್ಕದ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದಳು. ಅಲ್ಲೇ ಮನೆಯಿದ್ದ ನಮ್ಮ ಪ್ಲೇ ಹೋಮಿನ ಮೇಡಂ, ಇವಳ ಮಗುವನ್ನು ಕರೆದು ಸೇರಿಸಿಕೊಂಡಿದ್ದರು. ಮನೆ ಹೊಸಹಳ್ಳಿಯಲ್ಲಿ, ಒಂದೇ ಕೋಣೆ. ಜೊತೆಗೆ ಊರಿನಿಂದ ಬಂದ ಅಜ್ಜಿ. ಅಜ್ಜಿಯನ್ನು ಅಂಬಿಕಾ ‘ಆಯಿ’ ಎನ್ನುತ್ತಿದ್ದಳು. ಮೊದಲ ದಿನ ಬೇರೆ ಮಕ್ಕಳೆಲ್ಲ ಅಮ್ಮನ ಸೆರಗು, ಚೂಡಿದಾರದ ತುದಿ ಹಿಡಿದು ರಾಗ ತೆಗೆಯುತ್ತಿದ್ದಾಗ, ಇವಳು ಮಾತ್ರ ನನ್ನ ಕೈಹಿಡಿದು “ನಡಿರಿ ಟೀಚರ್, ಒಳಗ ಹೋಗಮು” ಅಂದಳು. ಅಷ್ಟು ಧೈರ್ಯದ ಮಗು.

ಇನ್ನು ನನ್ನ ಮನೆಯ ವಿಷಯ. ನಾನು ಹುಟ್ಟಿ ಬೆಳೆದದ್ದು ಬಸವೇಶ್ವರನಗರದಲ್ಲಿ. ನಮ್ಮ ಮನೆಯಲ್ಲಿ ಯಾರೂ ಲೋಟ ಕಚ್ಚಿ ನೀರು ಕುಡಿಯುವಂತಿರಲಿಲ್ಲ, ಎತ್ತಿ ಕುಡಿಯಬೇಕು. ತಟ್ಟೆ ಮುಟ್ಟಿದ ಕೈಯಲ್ಲಿ ಪಾತ್ರೆ ಮುಟ್ಟುವಂತಿಲ್ಲ. ಊಟ ಮುಗಿದ ಜಾಗಕ್ಕೆ ನೀರು ಚಿಮುಕಿಸಿ ಒರೆಸುವವರೆಗೆ ಆ ಕಡೆ ಕಾಲಿಡುವಂತಿಲ್ಲ. ನಾನೂ ನನ್ನ ತಮ್ಮನೂ ಒಂದು ಪೆಪ್ಪರಮಿಂಟನ್ನು ಹಂಚಿಕೊಳ್ಳಬೇಕೆಂದರೆ ಬಟ್ಟೆಯಲ್ಲಿ ಸುತ್ತಿ ಬಾಗಿಲ ಸಂದಿಯಲ್ಲಿಟ್ಟು ಒಡೆಯುತ್ತಿದ್ದೆವು. ಬಾಯಲ್ಲಿ ಕಚ್ಚಿ ಮುರಿದರೆ ಅಮ್ಮ ಕೈಮೇಲೆ ಹೊಡೆಯುತ್ತಿದ್ದಳು. ಕೆಲಸದವಳ ಕಾಫಿ ಲೋಟ ಹಿತ್ತಿಲ ಕಿಟಕಿಯ ಮೇಲೆ ಬೇರೆಯೇ ಇರುತ್ತಿತ್ತು. ಜಾತಿ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದು ನಾನು ಕೇಳಿಲ್ಲ. ಅದರ ಬದಲು ‘ಕ್ಲೀನು’ ಎನ್ನುತ್ತಿದ್ದರು. ಅವರು ಕ್ಲೀನಾಗಿರ್ತಾರೆ, ಇವರು ಅಷ್ಟು ಕ್ಲೀನಿಲ್ಲ. ಹೀಗೆ ಹೇಳಿಯೇ ಊರಿನ ಅರ್ಧ ಜನರನ್ನು ನಮ್ಮ ಅಡುಗೆಮನೆಯಿಂದ ಆಚೆ ಇಟ್ಟಿದ್ದೆವು. ನಾನು ದೊಡ್ಡವಳಾಗಿ ಡಿಪ್ಲೊಮಾ ಮಾಡಿ ಟೀಚರಾದ ಮೇಲೆ ಅದಕ್ಕೆ ‘ಹೈಜೀನ್’ ಎಂದು ಹೆಸರಿಟ್ಟೆ, ಅಷ್ಟೇ.

ಅಂಬಿಕಾ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ. ಮಕ್ಕಳು ಡಬ್ಬಿ ತಿನ್ನುತ್ತಿದ್ದರು. ನಾನು ಮೇಜಿನ ಸುತ್ತ ಓಡಾಡುತ್ತಾ ಒಬ್ಬರಿಗೆ ಮುಚ್ಚಳ ತೆಗೆದುಕೊಡುವುದು, ಇನ್ನೊಬ್ಬರಿಗೆ ಮೂಗು ಒರೆಸುವುದು ಮಾಡುತ್ತಿದ್ದೆ. ಅಂಬಿಕಾ ತನ್ನ ಡಬ್ಬಿಯಿಂದ ರೊಟ್ಟಿಯ ಒಂದು ಚೂರು ಮುರಿದು, ಹಿಂಡಿಯಲ್ಲಿ ಅದ್ದಿ, ತುದಿಯನ್ನು ತಾನು ಕಚ್ಚಿ, ಒಂದು ಗಳಿಗೆ ಬಾಯಾಡಿಸಿ, ಉಳಿದದ್ದನ್ನು ನನ್ನತ್ತ ಚಾಚಿದಳು. “ತಗೋರಿ ಟೀಚರ್.” ಜೊಲ್ಲು ಹತ್ತಿ ಹೊಳೆಯುತ್ತಿದ್ದ ಚೂರು. ನಾನು ಬೇಡವೆನ್ನುವಷ್ಟರಲ್ಲಿ ಅದನ್ನು ನನ್ನ ಅಂಗೈಗೆ ಒತ್ತಿಯೇಬಿಟ್ಟಳು. ನನ್ನ ಮೈ ಜುಮ್ಮೆಂದಿತು. ಬಿಸಿ ಕೆಂಡ ಬಿದ್ದಂತೆ ಕೈ ಕೊಡವಿದೆ. ಚೂರು ನೆಲಕ್ಕೆ ಬಿತ್ತು. ನೇರವಾಗಿ ಸಿಂಕಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡೆ. ತಿರುಗಿ ನೋಡಿದರೆ ಮಗು ಚೂರನ್ನು ಎತ್ತಿಕೊಂಡು ನನ್ನ ಕೈಯನ್ನೇ ನೋಡುತ್ತಾ ನಿಂತಿತ್ತು.

“ಅಂಬಿಕಾ, ಹಾಗೆ ಕಚ್ಚಿ ಕೊಡಬಾರ್ದು. ಅದು ಎಂಜಲು” ಎಂದೆ.

“ಎಂಜಲು ಅಂದ್ರ ಏನ್ರಿ?” ಎಂದು ಕೇಳಿತು ಮಗು. ಆ ಮಾತನ್ನು ಅದು ಕೇಳಿಯೇ ಇರಲಿಲ್ಲವೇನೋ.

“ಬಾಯಿಗಿಟ್ಟಿದ್ದು. ಛೀ ಛೀ, ಡರ್ಟಿ” ಎಂದೆ.

ಅದಕ್ಕೆ ಅರ್ಥವಾಗಲಿಲ್ಲ. ಮಾರನೆಯ ದಿನ ಮತ್ತೆ ಕಚ್ಚಿ ಕೊಡಲು ಬಂತು. ನನಗಲ್ಲದಿದ್ದರೆ ಪಕ್ಕದಲ್ಲಿ ಕೂತ ಮಗುವಿಗೆ. ಚಪಾತಿ, ಬಾಳೆಕಾಯಿ ಚಿಪ್ಸು, ಏನು ಸಿಕ್ಕಿದರೂ ಮೊದಲು ತಾನೊಂದು ಕಚ್ಚು, ಆಮೇಲೆ ಇನ್ನೊಬ್ಬರ ಬಾಯಿಗೆ. ಒಂದು ವಾರ ನೋಡಿದೆ. ಆಮೇಲೆ ಸಿಂಕಿನ ಪಕ್ಕದಲ್ಲಿ ಒಂದು ಚಿಕ್ಕ ಮೇಜು ಹಾಕಿಸಿ, ಊಟದ ಹೊತ್ತಿಗೆ ಅಂಬಿಕಾಳನ್ನು ಅಲ್ಲಿ ಕೂರಿಸಿದೆ. ಅದಕ್ಕೆ ‘ಪ್ರಾಕ್ಟೀಸ್ ಟೇಬಲ್’ ಎಂದು ಒಳ್ಳೆಯ ಹೆಸರು. ನೀಟಾಗಿ ತಿನ್ನುವುದು ಬಂದ ಮೇಲೆ ದೊಡ್ಡ ಮೇಜಿಗೆ ವಾಪಸ್. ಮೇಡಂಗೆ ಹೇಳಿದೆ, ಅವರು ನನ್ನ ಮೇಲಿನ ನಂಬಿಕೆಯಿಂದ ಹೂಂ ಎಂದರು. ಗೋಡೆಗೆ ಒಂದು ಚಾರ್ಟು ಬೇರೆ ಅಂಟಿಸಿದೆ. ನಗುಮುಖದ ಮಗು ತನ್ನ ಡಬ್ಬಿಯಿಂದ ತಾನೇ ತಿನ್ನುವ ಚಿತ್ರ. ಅದನ್ನು ಬರೆಯಲು ಒಂದು ಭಾನುವಾರ ಪೂರ್ತಿ ಕೂತಿದ್ದೆ.

ಮಕ್ಕಳಿಗೆ ನಾವು ಕಲಿಸಬೇಕೆಂದಿದ್ದು ಬರಲು ತಿಂಗಳಾಗುತ್ತದೆ, ಕಲಿಸಬಾರದ್ದು ಒಂದೇ ದಿನ ಸಾಕು. ಆಷಾಢದ ಗಾಳಿ ಎದ್ದು ಕಿಟಕಿಗಳು ದಡಬಡ ಹೊಡೆದುಕೊಳ್ಳುವ ಹೊತ್ತಿಗೆ ನನ್ನ ಕ್ಲಾಸಿನ ಹದಿನೈದು ಮಕ್ಕಳಿಗೂ ‘ಎಂಜಲು’ ಬಾಯಿಪಾಠವಾಗಿತ್ತು. ಅಂಬಿಕಾ ಮುಟ್ಟಿದ ಕ್ರೆಯಾನ್ ಎಂಜಲು. ಅಂಬಿಕಾ ಕೂತ ಚಾಪೆ ಎಂಜಲು. ಒಂದು ದಿನ ಆಟದ ಹೊತ್ತಿನಲ್ಲಿ ನಾಲ್ಕು ಮಕ್ಕಳು ಸಾಲಾಗಿ ಸಿಂಕಿನ ಹತ್ತಿರ ನಿಂತು, ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಿದ್ದವು. ಏನ್ರೋ ಇದು ಎಂದು ಕೇಳಿದರೆ “ಮಿಸ್ ಆಟ” ಎಂದವು. ನಾನು ನಕ್ಕೆ. ನಕ್ಕುಬಿಟ್ಟೆ ಎಂದು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅಷ್ಟರಲ್ಲಿ ಅಂಬಿಕಾ ಡಬ್ಬಿ ತಿನ್ನುವುದನ್ನು ನಿಲ್ಲಿಸಿದ್ದಳು. ಸಿಂಕಿನ ಪಕ್ಕದಲ್ಲಿ ಕೈಕಟ್ಟಿ ಕೂರುತ್ತಿದ್ದಳು. ಮುಚ್ಚಳ ತೆಗೆದುಕೊಟ್ಟರೆ ಮತ್ತೆ ಮುಚ್ಚುತ್ತಿದ್ದಳು. ನಾವು ದಿನಾ ಪ್ರತಿ ಮಗುವಿನ ಬಗ್ಗೆಯೂ ಒಂದೆರಡು ಸಾಲು ಬರೆದಿಡುವ ಪುಸ್ತಕವೊಂದಿತ್ತು. ಅದರಲ್ಲಿ ನಾನು ಅವಳ ಹೆಸರಿನ ಮುಂದೆ ‘ಹಟಮಾರಿ. ಮನೆಯಲ್ಲಿ ಶಿಸ್ತು ಇಲ್ಲ’ ಎಂದು ಬರೆದೆ. ಅವಳ ಮನೆಯನ್ನು ಆಗಿನ್ನೂ ಕಣ್ಣಿನಲ್ಲೂ ನೋಡಿರಲಿಲ್ಲ.

ನನ್ನ ಮುಖಕ್ಕೆ ಮೊದಲು ಕನ್ನಡಿ ಹಿಡಿದವಳು ಜಯಮ್ಮ. ಮಾಗಡಿ ಕಡೆಯವಳು, ಮಾತು ಕಡಿಮೆ, ಕೆಲಸ ಚುರುಕು. ನನ್ನ ಕ್ಲಾಸಿನಲ್ಲಿ ವಿಹಾನ್ ಎಂದೊಂದು ಮಗು. ನಮ್ಮ ಬಸವೇಶ್ವರನಗರದ ಮನೆಯ ಹಿಂದಿನ ರಸ್ತೆಯವರ ಮೊಮ್ಮಗ. ಅವರ ಮನೆಗೂ ನಮ್ಮ ಮನೆಗೂ ಅರಿಶಿನ ಕುಂಕುಮಕ್ಕೆ ಹೋಗಿಬರುವ ಬಳಕೆ ಇತ್ತು. ಒಂದು ಮಧ್ಯಾಹ್ನ ಆ ಮಗು ತಾನು ಅರ್ಧ ಚೀಪಿದ ಬಿಸ್ಕತ್ತನ್ನು ನನ್ನ ಬಾಯಿಗೆ ತುರುಕಿತು. ನಾನು ‘ಅಯ್ಯೋ ನನ್ ಬಂಗಾರ’ ಎಂದು ಅದನ್ನು ಎತ್ತಿಕೊಂಡು ಮುದ್ದು ಮಾಡಿ ಬಿಸ್ಕತ್ತು ನುಂಗಿದೆ. ನೆಲ ಒರೆಸುತ್ತಿದ್ದ ಜಯಮ್ಮ ತಲೆಯೆತ್ತಿ ನೋಡಿದಳು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಸಿಂಕು ಉಜ್ಜುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದಳು: “ಮಿಸ್, ಆ ಮಗೀಂದು ತಿಂದ್ರಿ. ಈ ಮಗೀಂದು ಅಂದ್ರೆ ಕೈ ತೊಳ್ಕಂಡ್ರಿ. ಬಾಯಿ ಎಲ್ಲಾ ಒಂದೇ ಅಲ್ವಾ?”

“ಏನ್ ಮಾತಾಡ್ತಿದೀರಾ ಜಯಮ್ಮ? ಅದೇ ಬೇರೆ, ಇದೇ ಬೇರೆ” ಎಂದು ರೇಗಿದೆ.

“ಅದೇ ಕೇಳ್ದೆ, ಏನ್ ಬೇರೆ ಅಂತ” ಎಂದಳು. ನಲ್ಲಿ ತಿರುಗಿಸಿ ಬಕೆಟ್ ತುಂಬಿಸಿಕೊಂಡು ಹೊರಟುಹೋದಳು.

ನನಗೆ ಮೈಯೆಲ್ಲ ಉರಿಯಿತು. ಆಯಾ ಕೆಲಸದವಳು ನನಗೆ ಪಾಠ ಹೇಳುವುದೇ, ಎಂದು. ಬಸ್ಸಿನಲ್ಲಿ ಕೂತು ಮನೆಗೆ ಹೋಗುವವರೆಗೂ ಅವಳಿಗೆ ತಿರುಗೇಟು ಹುಡುಕುತ್ತಿದ್ದೆ. ವಿಹಾನ್ ಪಾಪ ಇನ್ನೂ ಚಿಕ್ಕವನು. ಇಲ್ಲ, ಇಬ್ಬರಿಗೂ ಒಂದೇ ವಯಸ್ಸು. ವಿಹಾನ್ ಅಪರೂಪಕ್ಕೆ ಕೊಟ್ಟದ್ದು. ಇಲ್ಲ, ಅವನು ಯಾವಾಗಲೂ ಕೊಡುತ್ತಿದ್ದ, ನಾನು ಯಾವಾಗಲೂ ತಿನ್ನುತ್ತಿದ್ದೆ. ಮನೆಗೆ ಹೋಗಿ ಅಮ್ಮನ ಹತ್ತಿರ ಜಯಮ್ಮನ ಮೇಲೆ ದೂರು ಹೇಳಿದೆ. ಅಮ್ಮ ಹುರುಳಿಕಾಯಿ ಸೋಸುತ್ತಾ “ವಿಹಾನ್ ನಮ್ಮ ಮನೆ ಮಗು ಇದ್ದಂಗೆ ಕಣೇ ಸುಧಾ, ಅವ್ಳಿಗೇನ್ ಗೊತ್ತಾಗತ್ತೆ” ಎಂದಳು. ನನಗೆ ಬೇಕಾಗಿದ್ದ ಉತ್ತರ ಅದೇ. ಆದರೆ ಅಮ್ಮನ ಬಾಯಲ್ಲಿ ಅದು ಉತ್ತರದ ಹಾಗೆ ಕೇಳಿಸಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ. ಆದರೂ ಮಾರನೆಯ ದಿನ ಆ ಮೇಜನ್ನು ತೆಗೆಯಲಿಲ್ಲ. ತೆಗೆದರೆ ಜಯಮ್ಮನ ಮಾತು ಒಪ್ಪಿಕೊಂಡಂತಾಗುತ್ತದಲ್ಲ. ನನ್ನ ಜಂಬಕ್ಕಾಗಿ ಆ ಮಗು ಇನ್ನೂ ಎರಡು ವಾರ ಸಿಂಕಿನ ಪಕ್ಕದಲ್ಲೇ ಕೂತಿತು.

ಶ್ರಾವಣ ಹಿಡಿದಿತ್ತು. ಒಂದು ಬೆಳಿಗ್ಗೆ ಶರಣಮ್ಮ ಮಗುವನ್ನು ಬಿಟ್ಟು ಹೋಗದೆ ಗೇಟಿನ ಹತ್ತಿರವೇ ನಿಂತಳು. ಜಗಳಕ್ಕೆ ಬಂದಳು ಎಂದುಕೊಂಡು ನಾನು ಮೊದಲೇ ಗಂಟಲು ಸರಿಮಾಡಿಕೊಂಡೆ. ಡಬ್ಬಿ ವಾಪಸ್ ಹೋಗುತ್ತಿರುವುದನ್ನು ಕೇಳುತ್ತಾಳೆ, ಹೈಜೀನ್ ವಿಷಯ ಹೇಳಬೇಕು, ಎಂದೆಲ್ಲ ಸಿದ್ಧ ಮಾಡಿಕೊಂಡೆ. ಅವಳು ಕೈಮುಗಿದಳು.

“ಟೀಚರ್, ನಮ್ಮ ಹುಡುಗಿ ಭಾಳ ಶಾಣ್ಯಾ ಆಗ್ಯಾಳ್ರಿ ನಿಮ್ಮ ಕೈಯಾಗ. ಈಗ ಮನ್ಯಾಗ ಯಾರ ತಾಟಿನ್ಯಾಗೂ ಕೈ ಹಾಕಂಗಿಲ್ರಿ. ಎಂಜಲು ಅಂತಾಳ.”

ಅವಳೇ ಮುಂದುವರಿಸಿದಳು. “ಏನದ ಅಂದ್ರ, ನಮ್ಮ ಅತ್ತಿಗಿ, ಇಕಿ ಆಯಿಗಿ, ಒಂಚೂರು ಮನಸ್ಸಿಗಿ ಹತ್ಯಾದ. ಹುಟ್ಟಿದಾಗಿಂದ ಇಕಿಗಿ ಆಕಿನೇ ಉಣಸ್ತಾಳ್ರಿ. ನಮ್ಮ ಕಡಿ ಹಿಂಡಿ ಖಾರ ಇರ್ತದಲ್ರಿ, ಸಣ್ಣ ಕೂಸಿನ ಬಾಯಿ ಸುಡಬಾರ್ದಂತ ತಾ ಮೊದಲ ಕಡದು ನೋಡ್ತಾಳ, ಖಾರ ಇಲ್ಲಂದ್ರ ಇಕಿ ಬಾಯಿಗಿ ಇಡ್ತಾಳ. ಇಕಿನೂ ಅದನ್ನ ನೋಡಿ ನೋಡಿ, ಯಾರಿಗಿ ಏನ್ ಕೊಟ್ರೂ ಖಾರ ನೋಡೇ ಕೊಡ್ತಿದ್ಲು. ಈಗ ಆಯಿ ಕೈ ಮುಂದ ತಂದ್ರ ಛೀ ಅಂತಾಳ್ರಿ. ನಲ್ಲಿಗಿ ಹೋಗಿ ಸಾಬೂನು ಹಚ್ಚಿ ತೊಳ್ಕೋತಾಳ. ನಮ್ಮ ಅತ್ತಿ ಈಗ ಗ್ವಾಡಿ ಕಡಿ ಮುಖ ಮಾಡಿ ಒಬ್ಬಾಕಿನೇ ಉಣ್ಲಕತ್ತಾಳ. ಊರಿಗಿ ಹೋಗ್ತೀನಿ ಅಂತಾಳ್ರಿ. ನೀವು ಒಂದು ಮಾತು ಹೇಳ್ತೀರೇನು, ಆಯಿ ಕೈಯಿಂದ ಉಣ್ಣು ಅಂತ? ನೀವು ಹೇಳಿದ್ರ ಕೇಳ್ತಾಳ.”

ಅವಳ ಧ್ವನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಟೀಚರು ಕಲಿಸಿದ್ದು ಸರಿಯೇ ಇರುತ್ತದೆ, ಇದೊಂದು ಮಾತ್ರ ಸ್ವಲ್ಪ ಸಡಿಲಿಸಿಕೊಡಲಿ ಎಂದು ಕೇಳಲು ಬಂದಿದ್ದಳು. ಆ ಮಗು ನನಗೆ ಖಾರವಾಗಬಾರದೆಂದು ತನ್ನ ನಾಲಿಗೆಯ ಮೇಲೆ ಮೊದಲು ನೋಡಿ ಕೊಟ್ಟಿತ್ತು. ನಾನು ಅದನ್ನು ನೆಲಕ್ಕೆ ಕೊಡವಿದ್ದೆ. ನಿಂತಲ್ಲೇ ಭೂಮಿಗೆ ಇಳಿದುಹೋಗಬಾರದೇ ಅನ್ನಿಸಿತು. “ಹೇಳ್ತೀನಿ ಶರಣಮ್ಮ, ನಾನೇ ನಿಮ್ಮ ಮನೆಗೆ ಬಂದು ಹೇಳ್ತೀನಿ” ಎಂದೆ. ಒಳಗೆ ಹೋಗಿ ಆ ಮೇಜನ್ನು ನಾನೇ ಎತ್ತಿ ಸ್ಟೋರ್ ರೂಮಿಗೆ ಹಾಕಿದೆ. ಚಾರ್ಟನ್ನು ಹರಿದೆ. ಜಯಮ್ಮ ನೋಡಿದಳು, ಬಂದು ಮೇಜಿದ್ದ ಜಾಗ ಒರೆಸಿದಳು. ಊಟದ ಹೊತ್ತಿಗೆ ಅಂಬಿಕಾಳನ್ನು ದೊಡ್ಡ ಮೇಜಿನಲ್ಲಿ ಎಲ್ಲರ ನಡುವೆ ಕೂರಿಸಿದೆ. ಅಕ್ಕಪಕ್ಕದ ಎರಡು ಮಕ್ಕಳು ತಮ್ಮ ಡಬ್ಬಿ ಹಿಡಿದು ಎದ್ದು ಬೇರೆ ಕಡೆ ಹೋದವು. ಅವರಿಗೆ ಏನೆಂದು ಹೇಳಲಿ? ಅಂಬಿಕಾ ಡಬ್ಬಿ ತೆರೆಯಲಿಲ್ಲ.

ಶನಿವಾರ ಮಧ್ಯಾಹ್ನ ಪ್ಲೇ ಹೋಮ್ ಮುಗಿಸಿ ಅವರ ಮನೆಗೆ ಹೋದೆ. ಹೊಸಹಳ್ಳಿಯ ಒಳರಸ್ತೆ, ಮಳೆ ನೀರು ಚರಂಡಿ ತುಂಬಿ ಹೊರಗೆ ಹರಿಯುತ್ತಿತ್ತು. ಸೀರೆ ಎತ್ತಿ ಹಿಡಿದು ದಾಟಿದೆ. ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಳ್ಳುತ್ತಿದ್ದೆ: ಇವತ್ತು ಅವರ ಮನೆಯಲ್ಲಿ ಉಂಡೇ ಬರಬೇಕು. ಮಗು ನೋಡುತ್ತಿರುವಾಗ ಅಜ್ಜಿಯ ಕೈಯಿಂದ ತೆಗೆದುಕೊಂಡು ಉಣ್ಣಬೇಕು. ಬಾಯಿಮಾತಿನಲ್ಲಿ ಹೇಳಿದರೆ ಮಗು ನಂಬುವುದಿಲ್ಲ, ತಿಂದು ತೋರಿಸಬೇಕು.

ಒಂದೇ ಕೋಣೆಯಾದರೂ ಮನೆ ಕನ್ನಡಿಯ ಹಾಗಿತ್ತು. ಪಾತ್ರೆಗಳನ್ನು ಉಜ್ಜಿ ಸಾಲಾಗಿ ಬೋರಲು ಹಾಕಿದ್ದರು. ಅಜ್ಜಿ ಗಿಡ್ಡಗೆ, ತೆಳ್ಳಗೆ, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ. ನನ್ನನ್ನು ಕಂಡು ಚಾಪೆ ಹಾಸಿ, ಅದರ ಮೇಲೆ ಒಗೆದ ದುಪ್ಪಟಿ ಹಾಸಿ ಕೂರಿಸಿದಳು. ಅಂಬಿಕಾ ಮೂಲೆಯಲ್ಲಿ ನಿಂತು ಟೀಚರು ತಮ್ಮ ಮನೆಗೆ ಬಂದಿದ್ದಾರಲ್ಲ ಎಂದು ಬಾಯಿ ಬಿಟ್ಟು ನೋಡುತ್ತಿದ್ದಳು. ಅಜ್ಜಿ ಆಗಷ್ಟೇ ಬಡಿದ ರೊಟ್ಟಿಯನ್ನು ಹೊಸ ಸ್ಟೀಲ್ ತಟ್ಟೆಯಲ್ಲಿಟ್ಟು, ಒಂದು ಕಡೆ ಹಿಂಡಿ, ಒಂದು ಕಡೆ ಮೊಸರು ಹಾಕಿ ನನ್ನ ಮುಂದಿಟ್ಟಳು. “ಖಾರ ಕಮ್ಮಿ ಹಾಕೀನಿ. ಉಣ್ಣವ್ವ” ಎಂದಳು.

ಆ ತಟ್ಟೆಯಲ್ಲಿ ಯಾರ ಎಂಜಲೂ ಇರಲಿಲ್ಲ. ಹೊಸ ತಟ್ಟೆ, ಹಂಚಿನಿಂದ ಇಳಿಸಿದ ರೊಟ್ಟಿ, ಇನ್ನೂ ಹೊಗೆಯಾಡುತ್ತಿತ್ತು. ನನ್ನ ಕೈ ಮುಂದೆ ಹೋಗಲಿಲ್ಲ. ನಿಜವಾಗಿ ಹೇಳುತ್ತೇನೆ, ನಾನು ಕೈಗೆ ಹೋಗು ಎಂದೆ, ಅದು ಹೋಗಲಿಲ್ಲ. ಎಂಜಲು, ಹೈಜೀನ್ ಎಂದು ಇಷ್ಟು ದಿನ ನಾನು ಹೇಳಿಕೊಂಡು ಬಂದದ್ದೆಲ್ಲ ಆ ತಟ್ಟೆಯ ಮುಂದೆ ಸುಳ್ಳಾಯಿತು. ಬೇರೆ ಯಾವ ನೆಪವೂ ಉಳಿದಿರಲಿಲ್ಲ. ಹಿತ್ತಿಲ ಕಿಟಕಿಯ ಮೇಲಿದ್ದ ಆ ಬೇರೆ ಲೋಟ ಕಣ್ಣಿಗೆ ಕಟ್ಟಿತು. ನಾಲಿಗೆ ಮಾತ್ರ ಸಲೀಸಾಗಿ ಹೊರಳಿತು: “ಅಯ್ಯೋ ಅಜ್ಜಿ, ಇವತ್ತು ಶ್ರಾವಣ ಶನಿವಾರ ಅಲ್ವಾ, ನನಗೆ ಒಪ್ಪೊತ್ತು. ರಾತ್ರಿ ಒಂದೇ ಹೊತ್ತು ತಿನ್ನೋದು. ತಪ್ಪು ತಿಳ್ಕೋಬೇಡಿ.”

ಅವತ್ತು ಬೆಳಿಗ್ಗೆ ನಾಲ್ಕು ಇಡ್ಲಿ ತಿಂದು ಬಂದಿದ್ದೆ.

ಅಜ್ಜಿ ನನ್ನ ಮುಖ ನೋಡಿದಳು. ಒಂದೇ ಗಳಿಗೆ. ಅವಳಿಗೆ ಎಲ್ಲ ತಿಳಿಯಿತು ಎಂದು ನನಗೂ ತಿಳಿಯಿತು. ಇಂಥ ಒಪ್ಪೊತ್ತುಗಳನ್ನು ಆ ಹೆಂಗಸು ತನ್ನ ಆಯುಷ್ಯದಲ್ಲಿ ಎಷ್ಟು ಕಂಡಿದ್ದಳೋ. ಕೋಪ ಮಾಡಲಿಲ್ಲ, ಬಲವಂತವನ್ನೂ ಮಾಡಲಿಲ್ಲ. ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, “ಇರ್ಲಿ ಬಿಡವ್ವ. ಹಣ್ಣು ನಡಿತದಲ್ಲ? ಸಿಪ್ಪಿ ಇರ್ತದ” ಎಂದಳು. ಶರಣಮ್ಮ ಅಂಗಡಿಗೆ ಓಡಿ ಎರಡು ಬಾಳೆಹಣ್ಣು ತಂದಳು. ಅವಳೂ ಹಣ್ಣಿಗೆ ಕೈ ತಾಗದಂತೆ ತೊಟ್ಟಿನ ಕಡೆ ಹಿಡಿದೇ ತಂದಳು. ನಾನು ಸಿಪ್ಪೆ ಸುಲಿದು ಎರಡನ್ನೂ ತಿಂದೆ. ಅಂಬಿಕಾ ಮೂಲೆಯಿಂದ ರೊಟ್ಟಿಯ ತಟ್ಟೆಯನ್ನೊಮ್ಮೆ, ನನ್ನ ಕೈಯಲ್ಲಿದ್ದ ಹಣ್ಣನ್ನೊಮ್ಮೆ ನೋಡುತ್ತಿದ್ದಳು. ಆಯಿ ಕೈಯಿಂದ ಉಣ್ಣು ಪುಟ್ಟಾ ಎಂದು ಹೇಳುವುದಕ್ಕಾಗಿಯೇ ನಾನು ಹೋಗಿದ್ದೆ. ಯಾವ ಬಾಯಲ್ಲಿ ಹೇಳಲಿ? ಹೇಳದೆಯೇ ಎದ್ದೆ.

ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಮಗುವಿನ ದನಿ ಕೇಳಿತು. “ಆಯಿ, ಟೀಚರ್ ರೊಟ್ಟಿ ಯಾಕ ಉಣ್ಣಲಿಲ್ಲ?”

“ಅವ್ರು ನಮ್ಮ ಮನ್ಯಾಗ ಸಿಪ್ಪಿ ಇದ್ದದ್ದಷ್ಟ ತಿಂತಾರವ್ವ” ಎಂದಳು ಅಜ್ಜಿ. ಮಗುವಿಗೆ ಬುದ್ಧಿ ಹೇಳುವ ದನಿ, ಅಷ್ಟೇ. ನಾನು ಕೇಳಿಸಿಕೊಳ್ಳದವಳಂತೆ ನಡೆದುಬಿಟ್ಟೆ.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೌರಿ ಹಬ್ಬಕ್ಕೆ ಮೊದಲೇ ಅಜ್ಜಿ ಊರಿಗೆ ಹೊರಟುಹೋದಳು. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಶರಣಮ್ಮ ಕೆಲಸ ಬಿಟ್ಟಳು. ದಸರಾ ರಜೆ ಮುಗಿದ ಮೇಲೆ ಅಂಬಿಕಾ ಬರಲಿಲ್ಲ. ಕೊಟ್ಟಿದ್ದ ಫೋನ್ ನಂಬರಿಗೆ ಮಾಡಿದರೆ ಹತ್ತಲಿಲ್ಲ. ಹೊಸಹಳ್ಳಿಯ ಆ ಕೋಣೆಗೆ ಬೇರೆಯವರು ಬಂದಿದ್ದರು. ಈಗ ಅವಳಿಗೆ ಐದೂವರೆ ತುಂಬಿರಬೇಕು. ಎಲ್ಲಿದ್ದಾಳೋ, ಯಾರ ಜೊತೆ ಕೂತು ಉಣ್ಣುತ್ತಾಳೋ ಗೊತ್ತಿಲ್ಲ.

ಗೊತ್ತಿರುವುದು ಆ ಶನಿವಾರದ ಮುಂದಿನ ಸೋಮವಾರ ಆದದ್ದು. ಡಬ್ಬಿಯ ಹೊತ್ತು. ಅಂಬಿಕಾ ತನ್ನ ಜಾಗದಿಂದ ಎದ್ದು ಬ್ಯಾಗಿನೊಳಗೆ ಕೈಹಾಕಿ ಒಂದು ಬಾಳೆಹಣ್ಣು ತೆಗೆದಳು. ತೊಟ್ಟನ್ನು ಎರಡೇ ಬೆರಳಲ್ಲಿ ಹಿಡಿದು, ತನ್ನ ಮೈಗೆ ತಾಗದಂತೆ ಕೈಯನ್ನು ದೂರ ಚಾಚಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನನ್ನ ಹತ್ತಿರ ಬಂದಳು. ನಾನು ಕೈ ಮುಂದೆ ಮಾಡಿದೆ. ಅವಳು ಕೈಗೆ ಕೊಡಲಿಲ್ಲ. ನನ್ನ ಪಕ್ಕದ ಕುರ್ಚಿಯ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

“ಸಿಪ್ಪಿ ಅದ್ರಿ ಟೀಚರ್. ನಾ ಕಡದಿಲ್ಲ” ಎಂದಳು.

ಆಮೇಲೆ ಸರಿಯಾಗಿ ಮಾಡಿದೆನೇ ಎಂದು ನನ್ನ ಮುಖ ನೋಡುತ್ತಾ ಕಾದಳು. ಹದಿನೆಂಟು ವರ್ಷ ಮಕ್ಕಳ ಜೊತೆ ಕಳೆದ ಅಭ್ಯಾಸ ನೋಡಿ, ನಾನು ಯೋಚಿಸುವುದಕ್ಕೂ ಮೊದಲೇ ನನ್ನ ಬಾಯಿ “ವೆರಿ ಗುಡ್” ಎಂದುಬಿಟ್ಟಿತು. ಮಗು ನಕ್ಕಿತು.